ಎಳೆಯ ಮಕ್ಕಳ ಸ್ಕೋಲಿಯೋಸಿಸ್: ಶಸ್ತ್ರಚಿಕಿತ್ಸೆಯ ದಾರಿಗಳು

ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ಜೊತೆಗೇ ತನ್ನ ಸುತ್ತ ತಾನೇ ತಿರುಚಿಕೊಳ್ಳುವ ವಿಕಾರಕ್ಕೆ ಸ್ಕೋಲಿಯೋಸಿಸ್ ಎಂದು ಹೆಸರು. ಬಾಗಿನ ಮೇಲ್ತುದಿಯ ಮತ್ತು ಕೆಳತುದಿಯ ಮಣಿಗಳ ಓರೆಯನ್ನು ಎಕ್ಸ್-ರೇಯಲ್ಲಿ ಅಳೆದು ಕೋನವಾಗಿ ಹೇಳುವ ಕ್ರಮವನ್ನು ಅಮೆರಿಕದ ಜಾನ್ ಕಾಬ್ 1948ರಲ್ಲಿ ವಿವರಿಸಿದ. ಆ ಕೋನ 10 ಡಿಗ್ರಿ ಮೀರಿದರೆ ಸ್ಕೋಲಿಯೋಸಿಸ್ ಎಂದು ಎಣಿಸುತ್ತಾರೆ. ಹತ್ತು ವರ್ಷ ತುಂಬುವ ಮೊದಲೇ ಕಾಣಿಸಿಕೊಂಡರೆ ಅದು ಎಳವೆಯ ಸ್ಕೋಲಿಯೋಸಿಸ್. ಗದಗ ಸೀಮೆಯಲ್ಲಿ ಬೆನ್ನಿಗೆ ಡುಬ್ಬ ಎನ್ನುವುದುಂಟು. ಕೂಸಿನ ಡುಬ್ಬ ಸೊಟ್ಟ ಐತಿ ಎಂದು ಮನೆಯವರಿಗೆ ಅನಿಸುವಾಗ ಕಣ್ಣಿಗೆ ಬೀಳುವುದು ಬೆನ್ನು ಮಾತ್ರ. ಆ ಬೆನ್ನಿನ ಮುಂದೆ ಪಕ್ಕೆಲುಬುಗಳ ಗೂಡಿದೆ, ಗೂಡಿನೊಳಗೆ ಇನ್ನೂ ಬೆಳೆಯಬೇಕಾದ ಶ್ವಾಸಕೋಶವಿದೆ. ಹದಿಹರೆಯದವರ ಸ್ಕೋಲಿಯೋಸಿಸ್‌ಗೂ ಎಳೆಯ ಮಕ್ಕಳದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಬೆನ್ನನ್ನು ನೆಟ್ಟಗೆ ಮಾಡುವುದು ಇಲ್ಲಿ ಎರಡನೆಯ ಗುರಿ. ಎದೆಗೂಡು ಬೆಳೆಯಲು ಬಿಡುವುದು ಮೊದಲನೆಯದು. ಈ ಕ್ಷೇತ್ರದ ಶಸ್ತ್ರಚಿಕಿತ್ಸೆಗಳನ್ನೆಲ್ಲ ಬೆಳವಣಿಗೆಯೆಂಬ ಒಂದೇ ತಕ್ಕಡಿಯಲ್ಲಿ ತೂಗಬಹುದು, ತೂಗಬೇಕು ಎಂಬುದು ಈ ಲೇಖನದ ವಾದ. ಗದಗ ಜಿಲ್ಲೆಯ ಅಸುಂಡಿಯಂಥ ಹಳ್ಳಿಯಿಂದ ನೋಡುವಾಗ ಆ ತಕ್ಕಡಿಗೆ ಇನ್ನೊಂದು ತೂಕವೂ ಸೇರುತ್ತದೆ: ಮಗುವನ್ನು ಎಷ್ಟು ಸಲ, ಎಷ್ಟು ದೂರ, ಎಷ್ಟು ವರ್ಷ ಆಸ್ಪತ್ರೆಗೆ ಕರೆದೊಯ್ಯಬೇಕು ಎಂಬುದು.

ಕಾರಣಗಳು

ಎಳವೆಯ ಸ್ಕೋಲಿಯೋಸಿಸ್ ಅನ್ನು ಕಾರಣ ನೋಡಿ ನಾಲ್ಕಾಗಿ ವಿಂಗಡಿಸುತ್ತಾರೆ. ಹುಟ್ಟಿನಿಂದಲೇ ಮಣಿಗಳ ರಚನೆ ಕೆಟ್ಟಿರುವುದು ಒಂದು. ನರ ಅಥವಾ ಸ್ನಾಯುಗಳ ದೌರ್ಬಲ್ಯದಿಂದ ಬರುವುದು ಎರಡು. ಮಾರ್ಫನ್ ಸಿಂಡ್ರೋಮ್, ನ್ಯೂರೋಫೈಬ್ರೊಮಟೋಸಿಸ್‌ನಂಥ ವಂಶವಾಹಿ ಕಾಯಿಲೆಗಳ ಭಾಗವಾಗಿ ಬರುವುದು ಮೂರು. ಕಾರಣ ತಿಳಿಯದ್ದು ನಾಲ್ಕು. ಮೊದಲ ಗುಂಪಿನಲ್ಲಿ ಮತ್ತೆ ಎರಡು ಬಗೆಯ ದೋಷಗಳಿವೆ. ಮಣಿಯೊಂದು ಅರ್ಧವೇ ರೂಪುಗೊಂಡು ಬೆಣೆಯಂತೆ ನಡುವೆ ಸಿಕ್ಕಿಕೊಳ್ಳುವುದು ಒಂದು ಬಗೆ, ಅಕ್ಕಪಕ್ಕದ ಮಣಿಗಳು ಬೇರೆಯಾಗದೆ ಒಂದೇ ಮಗ್ಗುಲಲ್ಲಿ ಅಂಟಿಕೊಂಡೇ ಉಳಿಯುವುದು ಇನ್ನೊಂದು. ಒಂದು ಮಗ್ಗುಲಲ್ಲಿ ಅಂಟು, ಎದುರು ಮಗ್ಗುಲಲ್ಲಿ ಅರ್ಧಮಣಿ ಎರಡೂ ಕೂಡಿದರೆ ಬಾಗು ಅತಿ ವೇಗವಾಗಿ ಹೆಚ್ಚುತ್ತದೆ. ಈ ದೋಷಗಳು ಬಸಿರಿನ ಮೊದಲ ಆರೆಂಟು ವಾರಗಳಲ್ಲೇ, ಎಷ್ಟೋ ಹೆಂಗಸರಿಗೆ ತಾವು ಬಸಿರೆಂದು ಖಚಿತವಾಗುವ ಹೊತ್ತಿಗೇ, ಮೂಡಿಬಿಟ್ಟಿರುತ್ತವೆ. ಗ್ರಹಣದ ಹೊತ್ತು ಹೊರಗೆ ಬಂದಳು, ಭಾರ ಎತ್ತಿದಳು ಎಂದು ತಾಯಿಯನ್ನು ದೂರುವ ಮಾತಿಗೆ ಆಧಾರವಿಲ್ಲ. ಅದೇ ವಾರಗಳಲ್ಲಿ ಮೂತ್ರಪಿಂಡ, ಹೃದಯ, ಬೆನ್ನುಹುರಿಗಳೂ ರೂಪುಗೊಳ್ಳುವುದರಿಂದ ಇಂಥ ಮಕ್ಕಳಿಗೆ ಹೊಟ್ಟೆಯ ಸ್ಕ್ಯಾನ್, ಹೃದಯದ ಎಕೋ ಮತ್ತು ಬೆನ್ನಿನ ಎಂಆರ್‌ಐ ಆಗಲೇಬೇಕು. ಬೆನ್ನುಹುರಿ ಕೆಳಗೆ ಕಟ್ಟಿಬಿದ್ದಿರುವುದು ತಿಳಿಯದೆ ಮೂಳೆಯನ್ನು ಎಳೆದು ನೆಟ್ಟಗೆ ಮಾಡಹೋದರೆ ಕಾಲಿನ ಬಲವೇ ಹೋಗಬಹುದು.

ಗದಗ ಜಿಲ್ಲೆಯಲ್ಲಿ ಬೆನ್ನು ಕೆಡಿಸುವ ಬೇರೆ ಕಾಯಿಲೆಗಳೂ ಇರುವುದರಿಂದ ಅವನ್ನು ಇದರಿಂದ ಬೇರ್ಪಡಿಸಿ ನೋಡಬೇಕು. ಮುಂಡರಗಿ ಭಾಗದ ಅಂತರ್ಜಲದ ಫ್ಲೋರೈಡ್ ಮೂಳೆಯನ್ನು ಬಿರುಸಾಗಿಸುತ್ತದೆ. ಅದು ಹಲವು ವರ್ಷಗಳ ಸೇವನೆಯ ಫಲ, ಕೂಸಿನ ಬೆನ್ನು ಪಕ್ಕಕ್ಕೆ ಬಾಗುವುದಕ್ಕೆ ಅದನ್ನು ಹೊಣೆ ಮಾಡಲಾಗದು. ಬೆನ್ನುಮೂಳೆಯ ಕ್ಷಯ ಮಣಿಗಳನ್ನು ಕರಗಿಸಿ ಬೆನ್ನನ್ನು ಮುಂದಕ್ಕೆ ಮುರಿದು ಗೂನಾಗಿಸುತ್ತದೆ. ಅದಕ್ಕೆ ಮೊದಲು ಬೇಕಾದದ್ದು ಕ್ಷಯದ ಔಷಧಿ. ಹಿಂದೊಮ್ಮೆ ನರಸ್ನಾಯುಗಳ ಗುಂಪಿನಲ್ಲಿ ಪೋಲಿಯೋ ಮುಂದಿತ್ತು. ಭಾರತ 2014ರ ಮಾರ್ಚ್‌ನಲ್ಲಿ ಪೋಲಿಯೋಮುಕ್ತವೆಂದು ಘೋಷಿತವಾದ ಮೇಲೆ ಆ ಜಾಗದಲ್ಲಿ ಮಿದುಳು ಪಾರ್ಶ್ವವಾಯು, ಬೆನ್ನುಹುರಿಯ ಸ್ನಾಯುಕ್ಷಯ, ಡುಶೆನ್ ಸ್ನಾಯುಕ್ಷಯಗಳು ಉಳಿದಿವೆ.

ಬೆಳವಣಿಗೆಯ ಲೆಕ್ಕ

ಯಾವ ಶಸ್ತ್ರಚಿಕಿತ್ಸೆ ಏಕೆ ಎಂದು ತಿಳಿಯಲು ಮೊದಲು ಕೆಲವು ಅಳತೆಗಳು ಬೇಕು. ಫ್ರಾನ್ಸಿನ ಅಲೆನ್ ಡಿಮೆಗ್ಲಿಯೊ ಕಲೆಹಾಕಿದ ಲೆಕ್ಕದಂತೆ ಎದೆಭಾಗದ ಹನ್ನೆರಡು ಮಣಿಗಳ ಒಟ್ಟು ಎತ್ತರ ಹುಟ್ಟುವಾಗ ಸುಮಾರು 11 ಸೆಂಟಿಮೀಟರ್, ಐದನೆಯ ವರ್ಷಕ್ಕೆ 18, ಹತ್ತಕ್ಕೆ 22, ಬೆಳೆದವರಲ್ಲಿ 26ರಿಂದ 28. ಎದೆಗೂಡಿನ ಗಾತ್ರವಂತೂ ಐದನೆಯ ವರ್ಷದಲ್ಲಿ ವಯಸ್ಕರದರ ಶೇ. 30, ಹತ್ತರಲ್ಲಿ ಶೇ. 50. ಶ್ವಾಸಕೋಶದ ಗಾಳಿಗೂಡುಗಳು ಹೆಚ್ಚಾಗಿ ಹುಟ್ಟುವುದು ಮೊದಲ ಕೆಲವು ವರ್ಷಗಳಲ್ಲಿ. ಎಂದರೆ ಮೂರು ವರ್ಷದ ಮಗುವಿನ ಎದೆ ಇನ್ನೂ ಕಟ್ಟುತ್ತಿರುವ ಮನೆ. ಕಂಬ ವಾಲಿದೆಯೆಂದು ಅದನ್ನು ಅಲ್ಲೇ ಬಿಗಿದು ನಿಲ್ಲಿಸಿದರೆ ಮನೆಯ ಎತ್ತರವೂ ಅಲ್ಲಿಗೇ ನಿಲ್ಲುತ್ತದೆ. ವಾಲಿದ್ದನ್ನು ಹಾಗೇ ಬಿಟ್ಟರೂ ಒಳಗೆ ಜಾಗ ಉಳಿಯದು. ಎದೆಗೂಡು ಸಹಜ ಉಸಿರಾಟಕ್ಕೂ ಶ್ವಾಸಕೋಶದ ಬೆಳವಣಿಗೆಗೂ ಎಡೆಕೊಡದ ಈ ಸ್ಥಿತಿಯನ್ನು ಅಮೆರಿಕದ ರಾಬರ್ಟ್ ಕ್ಯಾಂಪ್‌ಬೆಲ್ ಒಂದು ಪ್ರತ್ಯೇಕ ರೋಗಲಕ್ಷಣವಾಗಿ ಗುರುತಿಸಿ, ಚರ್ಚೆಯನ್ನು ಬೆನ್ನಿನಿಂದ ಎದೆಗೆ ತಿರುಗಿಸಿದ.

ತಂತಾನೇ ಸರಿಹೋಗಬಹುದು, ಕಾಯೋಣ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಮೂರು ವರ್ಷದೊಳಗೆ ಕಾಣಿಸುವ, ಕಾರಣ ತಿಳಿಯದ ಬಾಗುಗಳಲ್ಲಿ ಬಹಳಷ್ಟು ತಾವಾಗಿಯೇ ನೆಟ್ಟಗಾಗುತ್ತವೆ. ಯಾವುದು ನೆಟ್ಟಗಾದೀತು, ಯಾವುದು ಬೆಳೆದೀತು ಎಂದು ತಿಳಿಯಲು ಲಂಡನ್ನಿನ ರಾಯಲ್ ನ್ಯಾಷನಲ್ ಆರ್ಥೊಪೀಡಿಕ್ ಆಸ್ಪತ್ರೆಯ ಮಿನ್ ಮೆಹ್ತಾ 1972ರಲ್ಲಿ ಒಂದು ಅಳತೆ ಕೊಟ್ಟರು: ಬಾಗಿನ ನಡುವೆ ಎಲ್ಲಕ್ಕಿಂತ ಹೊರಚಾಚಿದ ಮಣಿಗೆ ಎಡಬಲದ ಪಕ್ಕೆಲುಬುಗಳು ಸೇರುವ ಕೋನಗಳ ವ್ಯತ್ಯಾಸ 20 ಡಿಗ್ರಿಗಿಂತ ಕಡಿಮೆಯಿದ್ದರೆ ಬಾಗು ಕರಗುವ ಸಾಧ್ಯತೆ ಹೆಚ್ಚು, ಮೀರಿದರೆ ಬೆಳೆಯುವ ಸಾಧ್ಯತೆ ಹೆಚ್ಚು. ಆದ್ದರಿಂದ ಅಳೆದು, ಮತ್ತೆ ಬರುವ ದಿನ ಗೊತ್ತುಮಾಡಿಕೊಂಡು ಕಾಯುವುದು ವೈದ್ಯಕೀಯ. ಅಳೆಯದೆ ಕಾಯುವುದು ಅದೃಷ್ಟದ ಆಟ. ಚಿಕಿತ್ಸೆಯಿಲ್ಲದ ರೋಗಿಗಳನ್ನು ದಶಕಗಳವರೆಗೆ ಗಮನಿಸಿ 1992ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಇದಕ್ಕೆ ಗಟ್ಟಿ ಆಧಾರ. ಹದಿಹರೆಯದಲ್ಲಿ ಶುರುವಾದವರ ಮರಣಪ್ರಮಾಣ ಸಾಮಾನ್ಯರಂತೆಯೇ ಇತ್ತು. ಶೈಶವದಲ್ಲಿ ಮತ್ತು ಬಾಲ್ಯದಲ್ಲಿ ಶುರುವಾದವರಲ್ಲಿ ಅದು ಎದ್ದುಕಾಣುವಷ್ಟು ಹೆಚ್ಚಿತ್ತು.

ಬೆಸೆಯುವ ಶಸ್ತ್ರಚಿಕಿತ್ಸೆ

ಸ್ಕೋಲಿಯೋಸಿಸ್‌ನ ಹಳೆಯ, ನಂಬಿಕಸ್ಥ ಶಸ್ತ್ರಚಿಕಿತ್ಸೆಯೆಂದರೆ ಬಾಗಿದ ಭಾಗದ ಮಣಿಗಳನ್ನು ಒಂದಕ್ಕೊಂದು ಬೆಸೆದು ಒಂದೇ ಮೂಳೆಯಾಗಿಸುವುದು. ಹೂಸ್ಟನ್ನಿನ ಪಾಲ್ ಹ್ಯಾರಿಂಗ್‌ಟನ್ ಪೋಲಿಯೋಪೀಡಿತ ಮಕ್ಕಳಿಗಾಗಿ ರೂಪಿಸಿ 1962ರಲ್ಲಿ ಪ್ರಕಟಿಸಿದ ಉಕ್ಕಿನ ಸರಳು ಈ ಬೆಸುಗೆಗೆ ಆಸರೆಯಾಯಿತು. ಇಂದು ಮಣಿಮಣಿಗೂ ಸ್ಕ್ರೂ ಹಾಕಿ ಸರಳುಗಳನ್ನು ಕೂಡಿಸುತ್ತಾರೆ. ಬೆಳವಣಿಗೆ ಮುಗಿಯುತ್ತ ಬಂದ ಹದಿನಾಲ್ಕರ ಹುಡುಗಿಗೆ ಇದು ಇಂದಿಗೂ ಉತ್ತಮ ದಾರಿ. ನಾಲ್ಕು ವರ್ಷದ ಮಗುವಿನ ಮಟ್ಟಿಗೆ ಲೆಕ್ಕ ಬೇರೆ. ಬೆಸೆದ ಮಣಿಗಳ ಸಂಖ್ಯೆಯನ್ನು ಉಳಿದಿರುವ ಬೆಳವಣಿಗೆಯ ವರ್ಷಗಳಿಂದ ಗುಣಿಸಿ, ಬಂದದ್ದನ್ನು 0.07ರಿಂದ ಗುಣಿಸಿದರೆ ಕಳೆದುಹೋಗುವ ಎತ್ತರ ಸೆಂಟಿಮೀಟರಿನಲ್ಲಿ ಸಿಗುತ್ತದೆ ಎಂಬುದು ಅಮೆರಿಕದ ರಾಬರ್ಟ್ ವಿಂಟರ್ ಕೊಟ್ಟ ಸರಳ ಸೂತ್ರ. ಐದನೆಯ ವಯಸ್ಸಿನಲ್ಲಿ ಎದೆಯ ಹನ್ನೆರಡೂ ಮಣಿಗಳನ್ನು ಬೆಸೆದು, ಬೆಳೆಯಲು ಇನ್ನು ಹತ್ತು ವರ್ಷ ಉಳಿದಿದ್ದರೆ ನಷ್ಟ 8.4 ಸೆಂಟಿಮೀಟರ್. ಡಿಮೆಗ್ಲಿಯೊನ ಅಳತೆಯಲ್ಲೂ ಐದು ವರ್ಷದ 18ರಿಂದ ವಯಸ್ಕರ 26ರವರೆಗಿನ ಅಂತರ ಹೆಚ್ಚುಕಡಿಮೆ ಅಷ್ಟೇ. ಲೋರಿ ಕ್ಯಾರಲ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಂಕಿಗೆ ಜೀವ ತುಂಬಿತು. ಒಂಬತ್ತು ವರ್ಷದೊಳಗೆ ಎದೆಯ ಬೆಸುಗೆಯಾಗಿದ್ದ 28 ಮಕ್ಕಳಲ್ಲಿ 12 ಮಂದಿಯ ಉಸಿರಿನ ಸಾಮರ್ಥ್ಯ ಮುಂದೆ ಇರಬೇಕಾದುದರ ಅರ್ಧಕ್ಕಿಂತ ಕಡಿಮೆಯಿತ್ತು. ಎದೆಯ ಎತ್ತರ 18 ಸೆಂಟಿಮೀಟರಿಗೆ ನಿಂತವರಲ್ಲಿ ತೊಂದರೆ ಹೆಚ್ಚು, 22 ದಾಟಿದವರಲ್ಲಿ ಕಡಿಮೆ. ಎದೆಯನ್ನು 18ರಿಂದ 22 ಸೆಂಟಿಮೀಟರಿಗಾದರೂ ಮುಟ್ಟಿಸಿಯೇ ಬೆಸೆಯಬೇಕೆಂಬ ಇಂದಿನ ರೂಢಿಗೆ ಇಂಥ ಫಲಿತಾಂಶಗಳೇ ಮೂಲ. ಸಾಲದ್ದಕ್ಕೆ, ಎಳೆಯರಲ್ಲಿ ಹಿಂಭಾಗವನ್ನಷ್ಟೇ ಬೆಸೆದರೆ ಮುಂಭಾಗ ಬೆಳೆಯುತ್ತಲೇ ಹೋಗಿ ಬೆನ್ನು ಮತ್ತೆ ತಿರುಚಿಕೊಳ್ಳುತ್ತದೆ.

ಹಾಗೆಂದು ಬೆಸುಗೆಯೇ ಕೆಟ್ಟದ್ದೆನ್ನುವುದು ತಪ್ಪಾದೀತು. ಅದೇ ಸೂತ್ರ ಅದಕ್ಕೆ ಉತ್ತರವನ್ನೂ ಕೊಡುತ್ತದೆ. ಒಂದೇ ಅರ್ಧಮಣಿಯಿಂದ ಬಂದ ಬಾಗಿಗೆ, ಮೂರನೆಯ ವಯಸ್ಸಿನಲ್ಲಿ ಆ ಬೆಣೆಯನ್ನು ತೆಗೆದುಹಾಕಿ ಮೂರು ಮಣಿಗಳಷ್ಟು ಮಾತ್ರ ಬೆಸೆದರೆ, ಹನ್ನೆರಡು ವರ್ಷದ ಬೆಳವಣಿಗೆ ಬಾಕಿಯಿದ್ದರೂ ನಷ್ಟ ಸುಮಾರು 2.5 ಸೆಂಟಿಮೀಟರ್ ಅಷ್ಟೇ. ಆ ಮಣಿಗಳು ಸಹಜವಾಗಿ ಬೆಳೆಯುವಂಥವೂ ಆಗಿರಲಿಲ್ಲವಾದ್ದರಿಂದ ನಿಜವಾದ ನಷ್ಟ ಇನ್ನೂ ಕಡಿಮೆ. 1928ರಲ್ಲಿ ಆಸ್ಟ್ರೇಲಿಯದ ರಾಯ್ಲ್ ಮೊದಲು ವರದಿ ಮಾಡಿದ ಈ ಶಸ್ತ್ರಚಿಕಿತ್ಸೆಯನ್ನು ಬೆನ್ನ ಕಡೆಯಿಂದಲೇ, ಪುಟ್ಟ ಮಕ್ಕಳಲ್ಲೂ, ಸ್ಕ್ರೂಗಳ ಆಸರೆಯಿಂದ ಮಾಡಬಹುದೆಂದು ಜರ್ಮನಿಯ ರುಫ್ ಮತ್ತು ಹಾರ್ಮ್ಸ್ ಈ ಶತಮಾನದ ಆರಂಭದಲ್ಲಿ ತೋರಿಸಿದರು. ಬೆನ್ನುಹುರಿಯ ಪಕ್ಕದಲ್ಲೇ ಮೂಳೆ ಕಡಿಯುವ ಕೆಲಸವಾದ್ದರಿಂದ ನರಗಳ ಸಂಕೇತವನ್ನು ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಯಂತ್ರದಲ್ಲಿ ನೋಡುತ್ತಿರಬೇಕು. ಆದರೂ ಸುತ್ತಲ ಮಣಿಗಳು ಬಾಗಿಗೆ ಒಗ್ಗಿಕೊಳ್ಳುವ ಮೊದಲೇ ಮಾಡಿದರೆ ಒಂದೇ ಸಲಕ್ಕೆ ಮುಗಿಯಬಹುದಾದ ಕೆಲಸ ಇದು. ಬೇಗ ಮಾಡಿದಷ್ಟೂ ಒಳ್ಳೆಯದಾಗುವ ಶಸ್ತ್ರಚಿಕಿತ್ಸೆ ಈ ಕ್ಷೇತ್ರದಲ್ಲಿ ಇದ್ದರೆ ಬಹುಮಟ್ಟಿಗೆ ಇದೇ. ಉಳಿದವುಗಳನ್ನು ತಡ ಮಾಡಿದಷ್ಟೂ ಒಳ್ಳೆಯದು.

ಬೆಳೆಯುವ ಸರಳುಗಳು

ಬಾಗು ಉದ್ದವಾಗಿದ್ದು ತಡ ಮಾಡಲಾಗದಿದ್ದಾಗ ಬೆಳವಣಿಗೆಗೆ ಎಡೆಕೊಡುವ ಸರಳುಗಳನ್ನು ಕೂರಿಸುತ್ತಾರೆ. ಬಾಗಿನ ಮೇಲ್ತುದಿ, ಕೆಳತುದಿಗಳಲ್ಲಿ ಮಾತ್ರ ಸ್ಕ್ರೂ ಅಥವಾ ಕೊಕ್ಕೆ ಹಾಕಿ, ನಡುವಿನ ಮಣಿಗಳನ್ನು ಮುಟ್ಟದೆ ಬಿಟ್ಟು, ಎರಡು ಜೋಡುಸರಳುಗಳಿಂದ ತುದಿಗಳನ್ನು ದೂರ ತಳ್ಳುವುದು ಇದರ ತತ್ವ. ಅಮೆರಿಕದ ಬೆಹ್ರೂಜ್ ಅಕ್ಬರ್ನಿಯಾ ಮತ್ತಿತರರು ಜೋಡಿ ಸರಳಿನ ಪದ್ಧತಿಯನ್ನು ನೆಲೆಗೊಳಿಸಿದರು. ಸುಮಾರು ಆರು ತಿಂಗಳಿಗೊಮ್ಮೆ ಅರಿವಳಿಕೆ ಕೊಟ್ಟು, ಚರ್ಮ ಕೊಯ್ದು, ಸರಳನ್ನು ಸ್ವಲ್ಪ ಸ್ವಲ್ಪವೇ ಉದ್ದ ಮಾಡುತ್ತಾರೆ. ಪಕ್ಕೆಲುಬುಗಳೇ ಅಂಟಿಕೊಂಡು ಎದೆ ಕುಗ್ಗಿರುವ ಮಕ್ಕಳಿಗೆ ಕ್ಯಾಂಪ್‌ಬೆಲ್ ರೂಪಿಸಿದ ಟೈಟೇನಿಯಂ ಕೃತಕ ಪಕ್ಕೆಲುಬಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ 2004ರಲ್ಲಿ ಒಪ್ಪಿಗೆ ಕೊಟ್ಟಿತು. ಬಾಗು ತುಂಬ ಬಿರುಸಾಗಿದ್ದರೆ ಮೊದಲು ತಲೆಗೆ ಲೋಹದ ಬಳೆ ಕೂರಿಸಿ, ಕೆಲವು ವಾರ ಭಾರ ಕಟ್ಟಿ ಮೆಲ್ಲಗೆ ಎಳೆದು ಬೆನ್ನನ್ನು ಸಡಿಲಿಸುವುದುಂಟು.

ಈ ಸರಳುಗಳ ಬೆಲೆ ಏನೆಂದು 2010ರಲ್ಲಿ ಶೇ ಬೆಸ್ ಮತ್ತು ಸಂಗಡಿಗರು ತೋರಿಸಿದರು. 140 ಮಕ್ಕಳಲ್ಲಿ ಶೇ. 58 ಮಂದಿಗೆ ಸೋಂಕು, ಸರಳು ಮುರಿಯುವುದು, ಕೊಕ್ಕೆ ಕಿತ್ತುಬರುವುದು ಮುಂತಾದ ತೊಡಕುಗಳಲ್ಲಿ ಒಂದಾದರೂ ಬಂದಿತ್ತು. ಪ್ರತಿ ಹೆಚ್ಚುವರಿ ಶಸ್ತ್ರಚಿಕಿತ್ಸೆಗೆ ತೊಡಕಿನ ಅಪಾಯ ಶೇ. 24ರಷ್ಟು ಏರುತ್ತಿತ್ತು, ಮೊದಲ ಸರಳನ್ನು ಒಂದೊಂದು ವರ್ಷ ಮುಂದೂಡಿದಂತೆ ಶೇ. 13ರಷ್ಟು ಇಳಿಯುತ್ತಿತ್ತು. ಮರುವರ್ಷ ವುದ್ಭವ್ ಸಂಕರ್ ಮತ್ತಿತರರು ಇನ್ನೊಂದು ಕಹಿಸತ್ಯ ತೋರಿಸಿದರು: ಒಂದೊಂದು ಸಲ ಉದ್ದ ಮಾಡಿದಾಗಲೂ ಸಿಗುವ ಎತ್ತರ ಹಿಂದಿನದಕ್ಕಿಂತ ಕಡಿಮೆ. ಮುಟ್ಟದೆ ಬಿಟ್ಟ ಮಣಿಗಳೂ ಅಲುಗಾಟವಿಲ್ಲದೆ ತಾವಾಗಿಯೇ ಬೆಸೆದುಕೊಳ್ಳುತ್ತವೆ. ಮೂರು ವರ್ಷದೊಳಗಿನವರಿಗೆ ದೀರ್ಘ ಅಥವಾ ಪದೇಪದೇ ಅರಿವಳಿಕೆ ಕೊಡುವುದು ಮಿದುಳಿನ ಬೆಳವಣಿಗೆಗೆ ತಟ್ಟಬಹುದೆಂದು ಅಮೆರಿಕದ ಅದೇ ಆಡಳಿತ 2016ರಲ್ಲಿ ಎಚ್ಚರಿಸಿದ್ದೂ ಇಲ್ಲಿ ನೆನಪಿಡಬೇಕಾದ ಮಾತು.

ಪದೇಪದೇ ಕೊಯ್ಯುವುದನ್ನು ತಪ್ಪಿಸಲು ಬಂದದ್ದು ಅಯಸ್ಕಾಂತದ ಸರಳು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಕೆನೆತ್ ಚ್ಯೂಂಗ್ ತಂಡ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ ಈ ಸರಳನ್ನು ಹೊರಗಿನಿಂದಲೇ, ಮಗು ಎಚ್ಚರವಿರುವಾಗಲೇ, ಬೆನ್ನ ಮೇಲೆ ಯಂತ್ರ ಹಿಡಿದು ಉದ್ದ ಮಾಡಬಹುದು. ಎಲ್ಲ ಸಮಸ್ಯೆಗೂ ಇದೇ ಉತ್ತರವೆಂಬ ಉತ್ಸಾಹ ಹೆಚ್ಚು ಕಾಲ ಉಳಿಯಲಿಲ್ಲ. ಸರಳಿನೊಳಗಿನ ಭಾಗಗಳು ಸವೆದು ಸುತ್ತಲ ಮಾಂಸದಲ್ಲಿ ಲೋಹದ ಪುಡಿ ಸೇರುವುದು, ಒಳಗಿನ ಪಿನ್ ಮುರಿಯುವುದು ಕಂಡುಬಂದು, 2020ರಲ್ಲಿ ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಹೊಸದಾಗಿ ಇವನ್ನು ಕೂರಿಸುವುದಕ್ಕೆ ತಡೆ ಹಾಕಿತು. ಎಳೆಯುವ ಶಕ್ತಿ ಕಾಲ ಕಳೆದಂತೆ ಕುಂದುವುದರಿಂದ ಕೆಲವು ವರ್ಷಕ್ಕೆ ಸರಳನ್ನೇ ಬದಲಿಸಬೇಕು. ಇನ್ನೊಂದು ದಾರಿ ಅಮೆರಿಕದ ರಿಚರ್ಡ್ ಮೆಕಾರ್ಥಿ ರೂಪಿಸಿದ ಶಿಲ್ಲಾ ಪದ್ಧತಿ. ಬಾಗಿನ ನಡುವೆ ಎಲ್ಲಕ್ಕಿಂತ ಹೊರಚಾಚಿದ ಮಣಿಗಳನ್ನು ನೆಟ್ಟಗೆ ಮಾಡಿ ಅಷ್ಟನ್ನೇ ಬೆಸೆದು, ಮೇಲೆ ಕೆಳಗಿನ ಸ್ಕ್ರೂಗಳು ಸರಳಿನ ಮೇಲೆ ಜಾರುವಂತೆ ಬಿಡುತ್ತಾರೆ. ಮಗು ಬೆಳೆದಂತೆ ಸ್ಕ್ರೂಗಳು ತಾವೇ ಸರಿಯುತ್ತವೆ, ಗೊತ್ತಾದ ದಿನಕ್ಕೆ ಉದ್ದ ಮಾಡಿಸಲು ಹೋಗುವ ಅಗತ್ಯವಿಲ್ಲ. ಇದರಲ್ಲಿ ತಿದ್ದುಪಡಿ ಸ್ವಲ್ಪ ಕಡಿಮೆ ಉಳಿಯಬಹುದು, ಸರಳು ಮುರಿಯುವುದೂ ಉಂಟು. ಮಣಿಗಳ ಉಬ್ಬಿದ ಮಗ್ಗುಲಿಗೆ ಹಗ್ಗ ಬಿಗಿದು ಬೆಳವಣಿಗೆಯಿಂದಲೇ ಬಾಗನ್ನು ತಿದ್ದುವ ಪದ್ಧತಿಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಸುದ್ದಿಯಾಯಿತು. ಬೆಳವಣಿಗೆ ತುಂಬ ಬಾಕಿಯಿರುವ ಎಳೆಯರಲ್ಲಿ ಬೆನ್ನು ಎದುರುದಿಕ್ಕಿಗೆ ಬಾಗಿಬಿಡುವ ಅಪಾಯವಿರುವುದರಿಂದ ಅದು ಇನ್ನೂ ದೊಡ್ಡ ಮಕ್ಕಳ ಚಿಕಿತ್ಸೆಯೇ.

ದೂರದ ಲೆಕ್ಕ

ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಅಸುಂಡಿಯ ಮಗುವಿನ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು ಗದಗಿನ ಜಿಮ್ಸ್. ಅದರಾಚೆಗಿನ ದೊಡ್ಡಾಸ್ಪತ್ರೆ, 1957ರಲ್ಲಿ ಶುರುವಾದ ಹುಬ್ಬಳ್ಳಿಯ ಕಿಮ್ಸ್, ಗದಗಿನಿಂದ ಸುಮಾರು 60 ಕಿಲೋಮೀಟರ್. ಮಕ್ಕಳ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ, ಮಕ್ಕಳ ಅರಿವಳಿಕೆ, ನರಸಂಕೇತದ ನಿಗಾ, ಮಕ್ಕಳ ತೀವ್ರ ನಿಗಾ ಘಟಕ ಎಲ್ಲವೂ ಒಂದೇ ಸೂರಿನಡಿ ಬೇಕೆಂದರೆ ಬಹಳ ಸಲ ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕಾಗುತ್ತದೆ. ನಾಲ್ಕನೆಯ ವರ್ಷದಲ್ಲಿ ಹಳೆಯ ಪದ್ಧತಿಯ ಸರಳು ಕೂರಿಸಿ ಹತ್ತರವರೆಗೆ ಆರು ತಿಂಗಳಿಗೊಮ್ಮೆ ಉದ್ದ ಮಾಡಿಸಿದರೆ ಉದ್ದ ಮಾಡುವುದಕ್ಕೇ ಹನ್ನೆರಡು ಶಸ್ತ್ರಚಿಕಿತ್ಸೆ, ಹನ್ನೆರಡು ಪ್ರಯಾಣ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವಿದೆ. ಬಿತ್ತನೆಯ ವಾರದಲ್ಲಿ ಹೊಲ ಬಿಟ್ಟು ಹೋಗುವ ಅಪ್ಪನ ದಿನಗಳು, ತಾಯಿಯ ಕೂಲಿ, ಮನೆಯಲ್ಲಿ ಬಿಟ್ಟುಹೋದ ಇನ್ನೊಂದು ಮಗು, ಇವು ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಹಾಗಾದರೆ ಬಡವರ ಮಗುವಿಗೆ ಒಮ್ಮೆಗೇ ಬೆಸೆದು ಮುಗಿಸುವುದೇ ಕರುಣೆಯಲ್ಲವೇ? ಅನುಕಂಪದಿಂದಲೇ ಹುಟ್ಟುವ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮುಂದಿನ ಭೇಟಿಗೆ ಬಾರದ ಮಗುವಿನ ಮೈಯಲ್ಲಿ ಉಳಿದ ಸರಳು ಮುರಿದೀತು, ಚರ್ಮ ಸೀಳಿ ಹೊರಬಂದೀತು. ಅದು ಬೆಸುಗೆಗಿಂತ ಕೆಟ್ಟದ್ದೂ ಆದೀತು. ಆದರೆ ಉದ್ದದ ಬೆಸುಗೆ ಪ್ರಯಾಣವನ್ನು ಉಳಿಸಿ ಉಸಿರನ್ನು ಕಳೆಯುತ್ತದೆ. ಮುಂದೆ ಉಸಿರಾಟದ ತೊಂದರೆಗೆ ಅಲೆಯುವ ದೂರವೂ ಅಷ್ಟೇ ಇರುತ್ತದೆ, ಆಗ ಮಾಡಬಹುದಾದ ಚಿಕಿತ್ಸೆ ಮಾತ್ರ ಕಡಿಮೆಯಾಗಿರುತ್ತದೆ. ಆದ್ದರಿಂದ ದೂರದ ಊರಿನ ಮಗುವಿಗೆ ಬೇಕಾದದ್ದು ಕಡಿಮೆ ದರ್ಜೆಯ ಗುರಿಯಲ್ಲ, ಕಡಿಮೆ ಭೇಟಿಗಳ ದಾರಿ. ಅರ್ಧಮಣಿಯಿದ್ದರೆ ಬೇಗ ತೆಗೆದು ಚಿಕ್ಕದಾಗಿ ಬೆಸೆಯುವುದು. ಉದ್ದದ ಬಾಗಾಗಿದ್ದರೆ ಮೊದಲ ಸರಳನ್ನು ಸಾಧ್ಯವಾದಷ್ಟು ಮುಂದೂಡುವುದು. ಕೂರಿಸಲೇಬೇಕಾದಾಗ ಭೇಟಿ ಕಡಿಮೆ ಬೇಡುವ ಜಾರುಪದ್ಧತಿಯನ್ನೂ ಮನೆಯವರ ಮುಂದಿಟ್ಟು ತೀರ್ಮಾನಿಸುವುದು. ಗಾಯ ನೋಡುವ, ಎಕ್ಸ್-ರೇ ತೆಗೆಯುವ ಭೇಟಿಗಳನ್ನು ಗದಗ, ಹುಬ್ಬಳ್ಳಿಗಳಲ್ಲೇ ಮುಗಿಸುವುದು. ಇವು ಬೆಳವಣಿಗೆ ಮತ್ತು ಪ್ರಯಾಣ ಎರಡನ್ನೂ ಒಟ್ಟಿಗೆ ಉಳಿಸುತ್ತವೆ.

ಮುಂದೂಡುವುದು ಎಂದಾಗ ಸುಮ್ಮನೆ ಕೂರುವುದಲ್ಲ. ಅದರ ಸಾಧನ ಪ್ಲಾಸ್ಟರ್. ಮಗುವಿನ ಮೈಯನ್ನು ಚೌಕಟ್ಟಿನ ಮೇಲೆ ಎಳೆದು ತಿರುಚನ್ನು ಬಿಡಿಸಿ, ಎದೆ ಹೊಟ್ಟೆಗಳಿಗೆ ಕಿಂಡಿ ಬಿಟ್ಟು ಹಾಕುವ ಪ್ಲಾಸ್ಟರನ್ನು ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಬದಲಿಸುತ್ತಾರೆ. ಇದಕ್ಕೂ ಸಾಮಾನ್ಯವಾಗಿ ಅರಿವಳಿಕೆ ಬೇಕು, ಬಯಲುಸೀಮೆಯ ಬೇಸಿಗೆಯಲ್ಲಿ ಪ್ಲಾಸ್ಟರಿನೊಳಗಿನ ಸೆಕೆ, ತುರಿಕೆ ಸಣ್ಣ ಮಾತಲ್ಲ, ಭೇಟಿಗಳೂ ಕಡಿಮೆಯಿಲ್ಲ. ಆದರೂ ಪ್ಲಾಸ್ಟರು ಮೂಳೆಯನ್ನು ಮುಟ್ಟುವುದಿಲ್ಲ, ಬಿಚ್ಚಿದರೆ ಮುಗಿಯಿತು. ಅದರಿಂದ ಕಳೆದುಹೋಗುವ ಎತ್ತರವಿಲ್ಲ. ಮುಂದಿನ ಶಸ್ತ್ರಚಿಕಿತ್ಸೆಯ ದಾರಿಯೂ ಮುಚ್ಚುವುದಿಲ್ಲ. ಮಿನ್ ಮೆಹ್ತಾ 2005ರಲ್ಲಿ ಪ್ರಕಟಿಸಿದ 136 ಮಕ್ಕಳ ಫಲಿತಾಂಶ ಇದರ ಅಳತೆಗೋಲು. ಸರಾಸರಿ ಒಂದು ವರ್ಷ ಏಳು ತಿಂಗಳಿಗೆ, 32 ಡಿಗ್ರಿ ಬಾಗಿನೊಂದಿಗೆ ಬಂದ 94 ಮಕ್ಕಳ ಬೆನ್ನು ನೆಟ್ಟಗಾಯಿತು. ಸರಾಸರಿ ಎರಡೂವರೆ ವರ್ಷಕ್ಕೆ, 52 ಡಿಗ್ರಿಯೊಂದಿಗೆ ಬಂದ 42 ಮಕ್ಕಳಲ್ಲಿ ಬಾಗು ಕುಗ್ಗಿತು, ಹೋಗಲಿಲ್ಲ. ಅವರಲ್ಲಿ 15 ಮಂದಿಗೆ ಮುಂದೆ ಬೆಸುಗೆ ಬೇಕಾಯಿತು. ಎರಡನೆಯ ಗುಂಪಿನವರ ಕಾಯಿಲೆಯೇ ಹೆಚ್ಚು ಕಠಿಣವಾಗಿದ್ದಿರಬಹುದು, ತಡವಾದದ್ದೊಂದೇ ಕಾರಣವಲ್ಲ ಎಂದು ವಾದಿಸಬಹುದು. ಅದು ಭಾಗಶಃ ನಿಜವೂ ಹೌದು. ಆದರೆ ಯಾವ ಮಗುವಿನ ಬಾಗು ಯಾವ ಗುಂಪಿಗೆ ಸೇರಿದ್ದೆಂದು ತಿಳಿಯುವುದೂ ಬೇಗ ನೋಡಿದರೆ ಮಾತ್ರ.

ಬೇಗ ನೋಡುವವರು ಯಾರು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆರಡು ಸಲ ಅಂಗನವಾಡಿಗೆ ಬರುತ್ತವೆ. ಅವು ಹುಡುಕುವ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಬೆನ್ನುಹುರಿಯ ಜನ್ಮದೋಷ, ಸೊಟ್ಟಪಾದ, ಸೊಂಟದ ಕೀಲಿನ ದೋಷ ಇವೆ. ಸ್ಕೋಲಿಯೋಸಿಸ್‌ಗೆ ಅಲ್ಲಿ ತನ್ನದೇ ಸಾಲಿಲ್ಲ. ಅಂಗಿ ಬಿಚ್ಚಿಸಿ ಬೆನ್ನು ನೋಡುವುದಕ್ಕೆ ಹೊಸ ಯಂತ್ರ ಬೇಡ, ಅರ್ಧ ನಿಮಿಷ ಸಾಕು. ಅದಕ್ಕೂ ಮೊದಲೇ ನೋಡುವವರು ಮನೆಯಲ್ಲಿದ್ದಾರೆ. ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ ಎರೆಯುವ ಅಜ್ಜಿಯ ಅಂಗೈಗೆ ಆ ಬೆನ್ನಿನ ಏರಿಳಿತ ದಿನವೂ ಸಿಗುತ್ತದೆ. ಒಂದು ಮಗ್ಗುಲ ಪಕ್ಕೆ ಉಬ್ಬಿದೆ, ಬೆನ್ನ ನಡುಗೆರೆ ಓರೆಯಾಗಿದೆ, ಬೆನ್ನ ಮೇಲೊಂದು ಕೂದಲಿನ ಕುಚ್ಚು ಅಥವಾ ಕುಳಿ ಇದೆ ಎಂದು ಅವಳಿಗೆ ಕಂಡರೆ, ಎಣ್ಣೆ ನೀವಿ ಸರಿಮಾಡುವ ಪ್ರಯತ್ನಕ್ಕೆ ಇಳಿಯದೆ ಆಶಾ ಕಾರ್ಯಕರ್ತೆಗೆ ತಿಳಿಸಿ ಎಕ್ಸ್-ರೇ ತೆಗೆಸಬೇಕು. ಮೆಹ್ತಾ ಅವರ ಎರಡು ಗುಂಪುಗಳ ಸರಾಸರಿ ವಯಸ್ಸಿನ ನಡುವಿನ ಅಂತರ ಹನ್ನೊಂದು ತಿಂಗಳು. ಬೆಂಗಳೂರಿನ ಶಸ್ತ್ರಚಿಕಿತ್ಸಾ ಕೊಠಡಿ ಆ ಹನ್ನೊಂದು ತಿಂಗಳನ್ನು ಹಿಂದಿರುಗಿಸಲಾರದು. ಅಸುಂಡಿಯ ಬಚ್ಚಲುಮನೆ ಉಳಿಸಬಲ್ಲದು.